ಹಾಡು ನಕಲಾದರೆ ಯಾರ ಹಕ್ಕು ಹೋಯಿತು?

ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿನ ತುಂಬ ಹಾಡು ಹಾಕಿಕೊಡುವ ಮೊಬೈಲ್ ಅಂಗಡಿಗಳು ಒಂದು ಕಾಲದಲ್ಲಿ ನಮ್ಮ ಪೇಟೆಗಳಲ್ಲೆಲ್ಲ ಇದ್ದವು. ಅಂಥ ಅಂಗಡಿಯ ಹುಡುಗನೊಬ್ಬ, ಐದು ಹೊತ್ತಿನ ನಮಾಝ್ ಬಿಡದವನು, ನನ್ನಲ್ಲಿ ಕೇಳಿದ್ದ: "ಸಂಗೀತವೇ ಹರಾಮ್ ಎನ್ನುವವರಿದ್ದಾರಲ್ಲ ಸರ್. ಹರಾಮಾದ ವಸ್ತುವಿಗೆ ಮಾಲಕನೆಲ್ಲಿ? ಕಾಪಿ ಮಾಡಿದರೆ ಯಾರ ಹಕ್ಕು ಹೋಯಿತು?"

ಅಂದು ನಕ್ಕು ಸುಮ್ಮನಾದೆ. ನಗುವ ಪ್ರಶ್ನೆ ಅದಲ್ಲ. ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ನಿಜ. ಆದರೆ ಹಾಡು ಹರಾಮ್ ಎಂದಾದರೆ ಅದನ್ನು ತುಂಬಿಸಿ ಗಳಿಸಿದ ಹತ್ತು ರೂಪಾಯಿ ಹಲಾಲ್ ಆದದ್ದು ಹೇಗೆ? ಅದೇ ಕಂಪ್ಯೂಟರಿನಲ್ಲಿ ನಾತ್‌ಗಳೂ ಇದ್ದವು, ಪ್ರವಚನಗಳೂ ಇದ್ದವು. ಅವುಗಳಿಗೂ ಅವನ ದರ ಒಂದೇ.

ಆದರೂ ಅವನ ಮಾತಿನಲ್ಲಿ ಒಂದು ಎಳೆ ಗಟ್ಟಿಯಾಗಿದೆ. ನನ್ನ ಸೈಕಲ್ ಕದ್ದರೆ ನನ್ನ ಬಳಿ ಸೈಕಲ್ ಇರುವುದಿಲ್ಲ. ಹಾಡನ್ನು ನಕಲು ಮಾಡಿದರೆ ಹಾಡು ಅಲ್ಲೇ ಇರುತ್ತದೆ. ಹಳೆಯ ಹನಫೀ ಫಿಕ್ಹ್‌ನಲ್ಲಿ ಸೊತ್ತೆಂದರೆ ಕೈಗೆ ಸಿಗುವ, ಕೂಡಿಡಬಹುದಾದ ವಸ್ತು. ಪ್ರಕಟಣೆಯ ಹಕ್ಕನ್ನು ಒಬ್ಬನೇ ಕಾಯ್ದಿರಿಸಿಕೊಳ್ಳುವುದು ಸರಿಯಲ್ಲ ಎಂದ ಉಲಮಾಗಳು ಈ ಉಪಖಂಡದಲ್ಲೇ ಇದ್ದರು. ಜ್ಞಾನವನ್ನು ಬಚ್ಚಿಡಬಾರದೆಂಬ ಆತಂಕ ಅವರದು. ಅದನ್ನು ಹಗುರವಾಗಿ ಕಾಣಲಾಗದು. ಆದರೆ 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ, ಕೃತಿಯ ಹಕ್ಕೂ ಶರೀಅತ್ ಕಾಪಾಡುವ ಹಕ್ಕೇ, ಅದನ್ನು ಅತಿಕ್ರಮಿಸಬಾರದು ಎಂದು ತೀರ್ಮಾನಿಸಿತು. ನನಗೆ ಇದೇ ಸರಿ ಕಾಣುತ್ತದೆ. ಹೋದದ್ದು ಹಾಡಲ್ಲ, ದುಡಿಮೆಯ ಫಲ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಜನ ಭಾವಿಸಿದಷ್ಟು ಕಠೋರವಲ್ಲ. ಸ್ವಂತ ಬಳಕೆಗೆ ನ್ಯಾಯವಾದ ಮಿತಿಯಲ್ಲಿ ಅದು ಅವಕಾಶ ಕೊಡುತ್ತದೆ. ಮದುವೆ ಸಮಾರಂಭದಲ್ಲಿ ಹಾಡು ಹಾಕುವುದಕ್ಕೂ ವಿನಾಯಿತಿ ಇದೆ. ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. 1960ರಲ್ಲಿ ಹೊರಬಂದ ರೆಕಾರ್ಡಿನ ಹಕ್ಕು 2020ರ ಕೊನೆಗೆ ತೀರಿತು. (ಅದರ ಸಾಹಿತ್ಯದ ಹಕ್ಕು ಮಾತ್ರ ಕವಿ ತೀರಿಕೊಂಡು 60 ವರ್ಷದವರೆಗೆ ಇರುತ್ತದೆ.) ಆದರೆ ತಿಳಿದೂ ನಕಲು ಮಾಡಿ ಮಾರಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ.

"ಹಣವೆಲ್ಲ ಕಂಪೆನಿಗೆ, ಕಲಾವಿದನಿಗೆ ಏನೂ ಇಲ್ಲ" ಎನ್ನುವವರಿದ್ದಾರೆ. ಬಹುಕಾಲ ಇದು ಸುಳ್ಳಾಗಿರಲಿಲ್ಲ. ಚಿತ್ರಗೀತೆ ಬರೆದವರು, ರಾಗ ಹಾಕಿದವರು ಒಂದೇ ಸಲಕ್ಕೆ ಎಲ್ಲವನ್ನೂ ಬರೆದುಕೊಟ್ಟು ಕೈತೊಳೆದುಕೊಳ್ಳಬೇಕಿತ್ತು. 2012ರ ತಿದ್ದುಪಡಿ ರಾಯಧನದ ಪಾಲನ್ನು ಅವರಿಂದ ಬರೆಸಿಕೊಳ್ಳದಂತೆ ತಡೆಯಿತು. ಕಂಪೆನಿಯ ಅನ್ಯಾಯ ನಮ್ಮ ನಕಲಿಗೆ ರಹದಾರಿಯಾಗುವುದಿಲ್ಲ. ಕಂಪೆನಿಗೆ ಹೊಡೆದ ಏಟು ಮೊದಲು ಬೀಳುವುದು ಕೊನೆಯಲ್ಲಿ ನಿಂತ ಕವಿಗೇ.

ಹಾಗೆಂದು ಗಲ್ಫಿನಲ್ಲಿರುವ ತಮ್ಮನಿಗೆ ಅಣ್ಣ ಒಂದು ಹಾಡು ಕಳಿಸಿದರೆ ಅವನನ್ನು ಕಳ್ಳ ಎನ್ನಲು ನನಗೆ ನಾಲಿಗೆ ಬಾರದು. ನನ್ನನ್ನು ಕಾಡುವುದು ಬೇರೆಯದು. ನಮ್ಮ ಬ್ಯಾರಿ ಮದುವೆಗಳಲ್ಲಿ ಹಾಡುವವರಿದ್ದಾರೆ. ಒಂದು ರಾತ್ರಿಯ ಸಂಭಾವನೆಯೇ ಅವರ ಸಂಪಾದನೆ. ಅದನ್ನು ಮೊಬೈಲಿನಲ್ಲಿ ಹಿಡಿದು ಯಾರೋ ತಮ್ಮ ಯೂಟ್ಯೂಬ್ ಚಾನೆಲ್ಲಿಗೆ ಹಾಕುತ್ತಾರೆ. ಗಾಯಕನ ಹೆಸರಿಲ್ಲ, ಚಾನೆಲ್ಲಿನ ಮುದ್ರೆ ಮಾತ್ರ ಇದೆ. ಜಾಹೀರಾತು ಬಂದರೆ ಅದರ ಹಣವೂ ಅವರಿಗೇ. ಹಾಡುಗಾರನ ಪ್ರದರ್ಶನಕ್ಕೂ ಕಾನೂನಿನಲ್ಲಿ 50 ವರ್ಷದ ಹಕ್ಕಿದೆ ಎಂಬುದು ಇಬ್ಬರಿಗೂ ಗೊತ್ತಿರಲಾರದು. ಆದರೆ ಹಾಡಿದವನ ಫೋನ್ ನಂಬರು ಅವನನ್ನು ಕರೆಸಿದ ಮದುವೆ ಮನೆಯವರಲ್ಲೇ ಇತ್ತು.