ಪರರ ಅಡುಗೆಮನೆ ಮತ್ತು ಶ್ರಾವಕನ ವ್ರತ

ಬೆಂಗಳೂರು, ಮುಂಬಯಿ, ಅಹಮದಾಬಾದುಗಳಂಥ ನಗರಗಳ ದೊಡ್ಡ ಹೋಟೆಲುಗಳಲ್ಲಿ ಗಿರಾಕಿಯ ಕೈಗೆ ಕೊಡುವ ತಿನಿಸುಪಟ್ಟಿಯಲ್ಲಿ ಇಂದು ಒಂದು ವಿಶೇಷವನ್ನು ಕಾಣಬಹುದಾಗಿದೆ. ಪದಾರ್ಥದ ಹೆಸರು, ಬೆಲೆ, ಖಾರದ ಗುರುತು ಇವುಗಳ ಪಕ್ಕದಲ್ಲಿಯೇ ‘ಜೈನ್’ ಎಂಬ ಪದವೂ ಅಚ್ಚಾಗಿರುತ್ತದೆ. ಜೈನ್ ಪಾವ್ ಭಾಜಿಯಲ್ಲಿ ಆಲೂಗಡ್ಡೆಯ ಬದಲು ಬಾಳೆಕಾಯಿ. ಜೈನ್ ಪಿಜ್ಜಾದಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳಿಲ್ಲ. ವಿಮಾನಯಾನ ಸಂಸ್ಥೆಗಳಂತೂ ಇದಕ್ಕೆ ‘ವಿ.ಜೆ.ಎಂ.ಎಲ್.’ ಎಂಬ ನಾಲ್ಕಕ್ಷರದ ಸಂಕೇತವನ್ನೇ ಗೊತ್ತುಮಾಡಿವೆ. ಅವಲಕ್ಕಿ, ಚಟ್ನಿಪುಡಿ, ಒಣರೊಟ್ಟಿಗಳ ಬುತ್ತಿಯಿಲ್ಲದೆ ಊರು ಬಿಡದಿದ್ದ ಹಿರಿಯರ ಪಾಲಿಗೆ ಇದು ಊಹಿಸಲಾರದ ಅನುಕೂಲ. ತಮ್ಮ ಆಚಾರವನ್ನು ಅನ್ಯರು ಗುರುತಿಸಿ ಗೌರವಿಸುತ್ತಿದ್ದಾರೆಂದು ಸಮಾಜದವರು ಸಂತೋಷಪಡುವುದೂ ಸಹಜವೇ. ಆದರೆ ಆ ಪದವನ್ನು ತೋರಿಸಿ ಊಟಕ್ಕೆ ಹೇಳಿದ ಶ್ರಾವಕನು ವ್ರತವನ್ನು ಪಾಲಿಸಿದಂತಾಯಿತೇ, ಅಥವಾ ಅದರ ಪಾಲನೆಯನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟಂತಾಯಿತೇ ಎಂಬುದು ವಿಚಾರ ಮಾಡಬೇಕಾದ ವಿಷಯ.

ಮೊದಲು ಆ ಪದದ ವ್ಯಾಪ್ತಿ ಎಷ್ಟೆಂಬುದನ್ನು ನೋಡಬೇಕು. ಹೋಟೆಲಿನವರ ಅರ್ಥದಲ್ಲಿ ‘ಜೈನ್’ ಎಂದರೆ ನೆಲದಡಿಯಲ್ಲಿ ಬೆಳೆಯುವುದನ್ನು ಹಾಕದ ಸಸ್ಯಾಹಾರ, ಅಷ್ಟೆ. ಒಂದೇ ಶರೀರದಲ್ಲಿ ಅನಂತ ಜೀವಗಳು ವಾಸಿಸುವ ಸಾಧಾರಣ ವನಸ್ಪತಿಯನ್ನು ಬಿಡಬೇಕೆಂಬ ವಿಧಿಯ ಒಂದಂಶವನ್ನು ಅವರು ಹಿಡಿದಿದ್ದಾರೆ. ಅದಕ್ಕಾಗಿ ಅವರನ್ನು ಅಭಿನಂದಿಸಬೇಕು. ಆದರೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನು ಸೇರಿಸಿ ಅಷ್ಟಮೂಲಗುಣಗಳೆಂದು ಹೇಳಿದ್ದಾರೆ. ಮಧುವೆಂದರೆ ಜೇನುತುಪ್ಪ. ಅಂಗಡಿಯ ಜೇನಿನ ಬಾಟಲಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಕಾನೂನುಬದ್ಧವಾಗಿಯೇ ಇರುತ್ತದೆ. ಆದಕಾರಣ ಜೇನು ಸವರಿದ ಸಿಹಿಯೊಂದನ್ನು ಹೋಟೆಲಿನವನು ನಿಷ್ಕಪಟವಾಗಿ ‘ಜೈನ್’ ಎಂದು ತಂದಿಟ್ಟರೆ ಅವನ ತಪ್ಪಿಲ್ಲ; ಮೂಲಗುಣವೇ ಭಂಗವಾಯಿತೆಂಬುದು ಅವನಿಗೆ ಗೊತ್ತಾಗುವ ಬಗೆಯೂ ಇಲ್ಲ. ಹಸಿ ಗೋರಸದೊಡನೆ ದ್ವಿದಳ ಧಾನ್ಯ ಸೇರಿದ ಆಹಾರವನ್ನು ಕಟ್ಟುನಿಟ್ಟಿನವರು ಬಿಡುತ್ತಾರೆ. ಹೋಟೆಲಿನ ಮೊಸರುವಡೆಗೆ ಆ ಲೆಕ್ಕ ತಿಳಿಯದು. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಎಣಿಸುವ ಮನೆಗಳು ಇಂದಿಗೂ ಇವೆ. ನಾನ್ ರೊಟ್ಟಿಯ ಮೈದಾ ಯಾವ ತಿಂಗಳು ಬೀಸಿದ್ದೆಂದು ಬಲ್ಲವರಾರು?

ಇನ್ನು ರಾತ್ರಿಭೋಜನದ ಮಾತು. ಬೆಂಗಳೂರಿನಲ್ಲಿ ಸೂರ್ಯಾಸ್ತವು ವರ್ಷದುದ್ದಕ್ಕೂ ಸುಮಾರು 5 ಗಂಟೆ 50 ನಿಮಿಷದಿಂದ 6 ಗಂಟೆ 50 ನಿಮಿಷದ ನಡುವೆ ಆಗುತ್ತದೆ. ದೊಡ್ಡ ಹೋಟೆಲುಗಳಲ್ಲಿ ರಾತ್ರಿಯ ಊಟ ತೊಡಗುವುದೇ ಏಳು ಗಂಟೆಗೆ. ಅಂದರೆ ತಿನಿಸುಪಟ್ಟಿಯ ‘ಜೈನ್’ ಊಟವನ್ನು ಬಹುಪಾಲು ಉಣ್ಣುವುದು ಜೈನನು ಉಣ್ಣಬಾರದ ಹೊತ್ತಿನಲ್ಲಿ! ಈ ವಿಪರ್ಯಾಸ ಯಾರ ಗಮನಕ್ಕೂ ಬಂದಂತೆ ಕಾಣುವುದಿಲ್ಲ. ಕರ್ನಾಟಕದ ಎಲ್ಲ ಶ್ರಾವಕರ ಮನೆಗಳ ನಡೆ ಒಂದೇ ಅಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವರಿಗೆ ಕಂದಮೂಲ ನಿತ್ಯ ವರ್ಜ್ಯ. ಕೆಲವರು ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವಗಳಲ್ಲಿ ಮಾತ್ರ ಬಿಡುತ್ತಾರೆ. ಒಂದೊಂದು ಮನೆಯಲ್ಲಿ ಒಂದೊಂದು ಪರಿಮಾಣವಿರುವ ವ್ರತವನ್ನು ಒಂದು ಪದದಲ್ಲಿ ಅಚ್ಚು ಹಾಕುವುದು ಹೇಗೆ?

ಹೋಟೆಲಿನ ಅಡುಗೆಮನೆ ನಡೆಯುವ ಕ್ರಮವನ್ನು ತಿಳಿದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಗಿರಾಕಿ ಕೇಳಿದ ಹತ್ತಿಪ್ಪತ್ತು ನಿಮಿಷಗಳಲ್ಲಿ ಪನೀರಿನ ಪಲ್ಯವೊಂದು ಮೇಜಿಗೆ ಬರಬೇಕಾದರೆ ಅದನ್ನು ಆಗ ಮೊದಲಿನಿಂದ ಬೇಯಿಸಿ ಪೂರೈಸದು. ಬೆಳಗ್ಗೆಯೇ ದೊಡ್ಡ ಪಾತ್ರೆಗಳಲ್ಲಿ ಈರುಳ್ಳಿ, ಟೊಮೇಟೊ ಬೇಯಿಸಿ ರುಬ್ಬಿದ ಗ್ರೇವಿಯನ್ನೂ ಗೋಡಂಬಿಯ ಬಿಳಿ ಗ್ರೇವಿಯನ್ನೂ ಸಿದ್ಧಮಾಡಿಟ್ಟಿರುತ್ತಾರೆ. ಆಮೇಲೆ ಅದಕ್ಕೆ ಪನೀರನ್ನೋ ಬಟಾಣಿಯನ್ನೋ ಸೇರಿಸಿ, ಮಸಾಲೆ ಹಾಕಿ, ಹೆಸರು ಬದಲಿಸಿ ಕೊಡುತ್ತಾರೆ. ಈರುಳ್ಳಿಯಿಲ್ಲದ ಪಾತ್ರೆಯೊಂದನ್ನು ಬೇರೆ ಇಟ್ಟವರು ಕೆಲವರು. ಜನಸಂದಣಿಯ ಹೊತ್ತಿನಲ್ಲಿ ಮೇಲೆ ತೇಲುವ ತುಂಡುಗಳನ್ನು ತೆಗೆದು ಸಮಾಧಾನಪಡುವವರು ಕೆಲವರು. ಕರಿಯುವ ಬಾಂಡ್ಲಿಯ ಎಣ್ಣೆ ಎಲ್ಲಕ್ಕೂ ಒಂದೇ ಆಗಿರಬಹುದು. ಮಾಂಸವನ್ನೂ ಮಾಡುವ ಕಡೆ ತಂದೂರಿನ ಒಲೆಯೂ ಒಂದೇ ಆಗಿರಬಹುದು. ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಭೋಗೋಪಭೋಗ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಸಚಿತ್ತ ಆಹಾರವನ್ನು ಮಾತ್ರ ಹೇಳಿ ಬಿಡಲಿಲ್ಲ, ಸಚಿತ್ತಕ್ಕೆ ಸಂಬಂಧಿಸಿದ್ದು, ಸಚಿತ್ತದೊಡನೆ ಬೆರೆತದ್ದು ಎಂದು ಬೇರೆ ಬೇರೆಯಾಗಿ ಎಣಿಸಿದರು. ಅಲ್ಲಿ ಪ್ರಸ್ತುತವಾದದ್ದು ಸಚಿತ್ತದ ವಿಷಯವಾದರೂ, ಸೋಂಕು ಮತ್ತು ಬೆರಕೆಗಳನ್ನೂ ಆಹಾರದ ವಿವೇಕದಲ್ಲಿ ಗಣಿಸಬೇಕೆಂಬ ದೃಷ್ಟಿ ಸ್ಪಷ್ಟವಾಗಿದೆ. ಒಂದೇ ಸೌಟು ಎರಡು ಪಾತ್ರೆಗಳಲ್ಲಿ ಆಡುವ ಅಡುಗೆಮನೆಗೆ ಇದಕ್ಕಿಂತ ಹತ್ತಿರವಾದ ಮಾತು ಸಿಗಲಾರದು.

ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ಸ್‌ನಲ್ಲಿ ಬಂದವರು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡು ಊಟದ ಕೋಣೆಗೆ ಹೋಗುವ ಪದ್ಧತಿಯಿತ್ತು. ಅದರ ಉದ್ದೇಶ ಶುಚಿತ್ವವೇ ಹೊರತು ವ್ರತಪಾಲನೆಯಲ್ಲ. ಆದರೂ ಉಣ್ಣುವವನಿಗೂ ಒಲೆಗೂ ನಡುವೆ ಅಲ್ಲಿ ದೃಷ್ಟಿಯ ಸಂಬಂಧವಿತ್ತು. ಈಗಿನ ಭೋಜನಶಾಲೆಯ ಮಂದವಾದ ಬೆಳಕು, ಸಂಗೀತ, ಮೆತ್ತನೆಯ ಆಸನಗಳೆಲ್ಲ ಉಣ್ಣುವವನು ಒಲೆಯನ್ನು ಮರೆಯಲೆಂದೇ ಏರ್ಪಟ್ಟಂತಿವೆ. ಆಹಾರವನ್ನು ಬೆಳಕಿನಲ್ಲಿ ನೋಡಿ ಉಣ್ಣಬೇಕೆಂದು ಅಹಿಂಸಾವ್ರತದ ಭಾವನೆಗಳಲ್ಲಿಯೇ ಹೇಳಿದೆ. ತಟ್ಟೆಯಲ್ಲಿರುವುದೇ ಕಾಣದಷ್ಟು ಕತ್ತಲನ್ನು ದುಡ್ಡು ಕೊಟ್ಟು ಪಡೆಯುವುದು ವಿಚಿತ್ರವೇ ಸರಿ.

ಹೀಗೆಂದ ಮಾತ್ರಕ್ಕೆ ಹೋಟೆಲಿನಲ್ಲಿ ಉಂಡವರೆಲ್ಲ ಹಿಂಸಕರೆಂಬ ತೀರ್ಪನ್ನು ಯಾರೂ ಕೊಡಲಾಗದು. ಹಿಂಸೆಯ ಲಕ್ಷಣದಲ್ಲಿ ಶಾಸ್ತ್ರಕಾರರು ಪ್ರಮಾದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಎಚ್ಚರದಿಂದ ಹೆಜ್ಜೆಯಿಡುವವನ ಕಾಲಡಿಗೆ ಅರಿಯದೆ ಜೀವವೊಂದು ಸಿಕ್ಕಿ ಸತ್ತರೂ ಅವನಿಗೆ ಹಿಂಸೆಯ ಬಂಧವಿಲ್ಲ; ಎಚ್ಚರವಿಲ್ಲದೆ ನಡೆಯುವವನಿಗೆ ಜೀವ ಸಾಯದಿದ್ದರೂ ಬಂಧ ತಪ್ಪದು. ಈ ನ್ಯಾಯವನ್ನು ಊಟಕ್ಕೆ ಹಚ್ಚಿದರೆ, ಶ್ರದ್ಧೆಯಿಂದ ವಿಚಾರಿಸಿ ಉಂಡವನ ತಟ್ಟೆಯಲ್ಲಿ ಅವನರಿಯದೆ ಈರುಳ್ಳಿ ಬಂದುದು ಅತಿಚಾರದಲ್ಲಿ ನಿಲ್ಲಬಹುದು. ತೊಡಕಿರುವುದು ‘ವಿಚಾರಿಸಿ’ ಎಂಬ ಮಾತಿನಲ್ಲಿ. ಮಾಣಿಯನ್ನು ಕರೆದು ‘ಈರುಳ್ಳಿ ಇಲ್ಲ ತಾನೆ?’ ಎಂದು ಕೇಳುವವನು ಅನೇಕ ವೇಳೆ ‘ಇಲ್ಲ ಸಾರ್’ ಎಂಬ ಉತ್ತರವನ್ನೇ ಬಯಸಿ ಕೇಳುತ್ತಾನೆ. ಆ ಹುಡುಗನಿಗೆ ಒಳಗಿನ ಸಂಗತಿ ತಿಳಿಯದು. ತಿಳಿದರೂ ಗಿರಾಕಿಯನ್ನು ಎಬ್ಬಿಸಿ ಕಳುಹಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಸುಳ್ಳಾಡದೆ ಬೇರೆ ದಾರಿಯಿಲ್ಲದವನಿಂದ ಒಂದು ಮಾತನ್ನು ಹೊರಡಿಸಿ, ಅದನ್ನು ಸಾಕ್ಷಿಯಾಗಿಟ್ಟುಕೊಂಡು ಉಣ್ಣುವುದು ಪ್ರಮಾದವಲ್ಲದೆ ಮತ್ತೇನು? ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಲ್ಲಿ ಹೋಟೆಲಿನ ಊಟ ಸ್ಪಷ್ಟವಾಗಿ ‘ಕಾರಿತ’. ಅಲ್ಲಿ ಒಲೆ ಉರಿಯುವುದೇ ಉಣ್ಣುವವನ ಆಜ್ಞೆಯಿಂದ.

ಗಾಂಧೀಜಿಯವರ ಆತ್ಮಕಥೆಯಲ್ಲಿ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಪ್ರಸಂಗವೊಂದಿದೆ. 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಅವರು ತಾಯಿ ಪುತಳೀಬಾಯಿಯವರ ಸಮಾಧಾನಕ್ಕಾಗಿ ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಆ ಪ್ರತಿಜ್ಞೆಯನ್ನು ಮಾಡಿಸಿದವರು ಜೈನ ಸಾಧುಗಳಾಗಿದ್ದ ಬೇಚರಜೀ ಸ್ವಾಮಿಗಳು. ಲಂಡನ್ನಿನಲ್ಲಿ ಮಿತ್ರರೊಬ್ಬರು ನಾಟಕಕ್ಕೆ ಮುಂಚೆ ಅವರನ್ನು ಹೋಲ್ಬರ್ನ್ ಎಂಬ ಭಾರಿ ಭೋಜನಶಾಲೆಗೆ ಕರೆದೊಯ್ದರು. ಅಂಥ ಸ್ಥಳದಲ್ಲಿ ಸಂಕೋಚದಿಂದ ಏನನ್ನೂ ಕೇಳಲಾರರೆಂಬುದು ಮಿತ್ರರ ಎಣಿಕೆ. ಮೊದಲು ಸಾರು ಬಂತು. ಅದು ಯಾವುದರಿಂದ ಮಾಡಿದ್ದೆಂದು ಕೇಳಲು ಗಾಂಧಿಯವರು ಮಾಣಿಯನ್ನು ಕರೆದದ್ದು ಮಿತ್ರರ ಕಣ್ಣಿಗೆ ಬಿತ್ತು. ಸಭ್ಯರ ನಡುವೆ ಇರಲು ಬಾರದಿದ್ದರೆ ಎದ್ದುಹೋಗಿ ಬೇರೆಲ್ಲಾದರೂ ಉಂಡು ಹೊರಗೆ ಕಾದಿರಬಹುದೆಂದು ಅವರು ಗದರಿದರು. ಗಾಂಧಿಯವರಿಗೆ ಅದರಿಂದ ಸಂತೋಷವೇ ಆಯಿತು. ಎದ್ದು ಹೊರಗೆ ಬಂದರು. ಹತ್ತಿರದಲ್ಲಿ ಒಂದು ಸಸ್ಯಾಹಾರಿ ಊಟದ ಮನೆಯಿತ್ತು, ಅದು ಮುಚ್ಚಿತ್ತು. ಆ ರಾತ್ರಿ ಉಪವಾಸವಿದ್ದು ಮಿತ್ರರೊಡನೆ ನಾಟಕ ನೋಡಿದರು. ಇಬ್ಬರಲ್ಲಿ ಯಾರೂ ಆ ಮಾತನ್ನು ಮತ್ತೆ ಎತ್ತಲಿಲ್ಲ, ಸ್ನೇಹವೂ ಕೆಡಲಿಲ್ಲ.

ಇದೇ ಗಾಂಧಿಯವರು ಕೆಲಕಾಲ ಮೊಟ್ಟೆ ಮಾಂಸವಲ್ಲವೆಂಬ ವಾದವನ್ನು ಒಪ್ಪಿ ಮೊಟ್ಟೆ ತಿಂದದ್ದೂ ಉಂಟು. ಬಳಿಕ, ಪ್ರತಿಜ್ಞೆ ಮಾಡಿಸಿದ ತಾಯಿಯ ಮನಸ್ಸಿನಲ್ಲಿ ಮಾಂಸವೆಂಬ ಮಾತಿಗೆ ಇದ್ದ ಅರ್ಥವೇ ತಮಗೆ ಪ್ರಮಾಣವೆಂದು ನಿಶ್ಚಯಿಸಿ ಅದನ್ನು ಬಿಟ್ಟರು. ಆಮೇಲೆ ಸಸ್ಯಾಹಾರಿ ಊಟದ ಮನೆಗಳಲ್ಲಿಯೂ ಪ್ರತಿಯೊಂದು ಪದಾರ್ಥವನ್ನು ವಿಚಾರಿಸಬೇಕಾಯಿತು. ಎಷ್ಟೋ ಸಿಹಿತಿನಿಸುಗಳನ್ನು ಬಿಡಬೇಕಾಯಿತು. ಹೋಟೆಲಿನ ‘ಜೈನ್’ ಪದದ ಮುಂದೆ ಕುಳಿತವನಿಗೆ ಈ ನಿಶ್ಚಯ ದಾರಿ ತೋರಬಲ್ಲದು. ವ್ರತದ ಅರ್ಥವನ್ನು ಗೊತ್ತುಮಾಡತಕ್ಕದ್ದು ಅದನ್ನು ಕೊಟ್ಟ ಗುರುಗಳ ಮತ್ತು ಹಿಡಿದವನ ಆ ದಿನದ ಮನಸ್ಸು. ತಿನಿಸುಪಟ್ಟಿಯನ್ನು ಅಚ್ಚು ಹಾಕಿಸಿದವನಿಗೆ ಆ ಅಧಿಕಾರವಿಲ್ಲ.

ದಿಗಂಬರ ಮುನಿಗಳ ಆಹಾರಚರ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮುನಿಗಳು ತಮಗಾಗಿಯೇ ಮಾಡಿದ ಉದ್ದಿಷ್ಟ ಆಹಾರವನ್ನು ಸ್ವೀಕರಿಸುವುದಿಲ್ಲ. ವೃತ್ತಿಪರಿಸಂಖ್ಯಾನವೆಂಬ ಬಾಹ್ಯತಪದಂತೆ, ಇಂಥ ನಿಯಮ ಕೂಡಿಬಂದರೆ ಮಾತ್ರ ಆಹಾರವೆಂದು ಮನಸ್ಸಿನಲ್ಲಿಯೇ ಸಂಕಲ್ಪಿಸಿ ಹೊರಡುತ್ತಾರೆ. ಅದನ್ನು ಯಾರಿಗೂ ಹೇಳುವುದಿಲ್ಲ. ಕೂಡಿಬರದಿದ್ದರೆ ಹಿಂದಿರುಗುತ್ತಾರೆ. ಕೈಯ ತುತ್ತಿನಲ್ಲಿ ಕೂದಲೋ ಹುಳುವೋ ಕಂಡರೆ ಅಂತರಾಯವಾಯಿತೆಂದು ಕೈಬಿಟ್ಟು ಕುಳಿತುಬಿಡುತ್ತಾರೆ. ಮರುದಿನದವರೆಗೆ ನೀರೂ ಇಲ್ಲ. ಆಹಾರ ಕೊಟ್ಟ ಗೃಹಿಣಿಯ ಕಣ್ಣು ತುಂಬುತ್ತದೆಯೇ ಹೊರತು ಅವರ ಮುಖದಲ್ಲಿ ಆಕ್ಷೇಪಣೆಯ ಒಂದು ಗೆರೆಯೂ ಮೂಡುವುದಿಲ್ಲ. ಹೋಟೆಲಿನಲ್ಲಿ ತನ್ನ ಪಲ್ಯದಲ್ಲಿ ಈರುಳ್ಳಿಯ ಎಸಳನ್ನು ಕಂಡ ಶ್ರಾವಕನ ವರ್ತನೆಯೋ! ಮಾಣಿಯನ್ನು ಕೂಗಿ ಕರೆಯುವುದು, ಮೇನೇಜರನ್ನು ಬರಹೇಳುವುದು, ನಾಲ್ಕು ಜನ ತಿರುಗಿ ನೋಡುವಂತೆ ‘ನಾವು ಜೈನರು’ ಎಂದು ಸಾರುವುದು, ಬಿಲ್ಲು ಕೊಡುವುದಿಲ್ಲವೆನ್ನುವುದು. ಆ ಎಸಳಿನಲ್ಲಿ ಹೋಗಬೇಕಾದ ಜೀವಗಳು ಆಗಲೇ ಹೋಗಿವೆ. ಹೊಸದಾಗಿ ಉತ್ಪನ್ನವಾದದ್ದು ಕ್ರೋಧ ಮತ್ತು ಮಾನ. ರಾಗದ್ವೇಷಗಳ ಹುಟ್ಟೇ ಹಿಂಸೆಯೆಂದು ‘ಪುರುಷಾರ್ಥಸಿದ್ಧ್ಯುಪಾಯ’ದ ಅಮೃತಚಂದ್ರಾಚಾರ್ಯರು ನಿರ್ಣಯಿಸಿರುವಾಗ, ತಟ್ಟೆಯಲ್ಲಿದ್ದ ದೋಷಕ್ಕಿಂತ ಕುರ್ಚಿಯಲ್ಲಿ ಕುಳಿತ ದೋಷ ದೊಡ್ಡದೆನ್ನಬೇಕಾಗುತ್ತದೆ. ಅಂದು ಸಂಜೆ ಆ ಮಾಣಿಯ ಸಂಬಳದಲ್ಲಿ ಊಟದ ಬೆಲೆ ಮುರಿದುಕೊಂಡರೆ ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಗೃಹಸ್ಥನು ಮುನಿಯಲ್ಲವೆಂಬ ಆಕ್ಷೇಪ ಬರಬಹುದು. ನಿಜ. ಹೋಟೆಲನ್ನೇ ಬಿಡಬೇಕೆಂದರೆ ಪರವೂರಿನ ಉದ್ಯೋಗ, ಗೆಳೆತನ, ನೆಂಟಸ್ತಿಕೆ ಎಲ್ಲಕ್ಕೂ ಬಾಗಿಲು ಹಾಕಿಕೊಂಡಂತಾದೀತು. ತರುಣರು ಹೋಟೆಲಿನ ಬದಲು ವ್ರತವನ್ನೇ ಬಿಟ್ಟಾರು. ಈ ಭಯವನ್ನು ಲಘುವಾಗಿ ಕಾಣಬಾರದು. ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣದಲ್ಲಿ ಯಮ, ನಿಯಮಗಳೆಂದು ಎರಡು ಬಗೆ ಹೇಳಿದ್ದಾರೆ. ಜೀವನಪರ್ಯಂತ ಹಿಡಿದದ್ದು ಯಮ. ಒಂದು ದಿನ, ಪಕ್ಷ, ಮಾಸ ಎಂದು ಕಾಲ ಗೊತ್ತುಮಾಡಿ ಹಿಡಿದದ್ದು ನಿಯಮ. ಹೊರಗೆ ಉಣ್ಣಲೇಬೇಕಾದ ತರುಣನು ಮಾಣಿಯ ನಾಲಗೆಯನ್ನು ನಂಬಿ ಹತ್ತು ವಸ್ತುಗಳನ್ನು ಬಿಡುವುದಕ್ಕಿಂತ, ತನ್ನ ಕಣ್ಣಿಗೆ ನಿಲುಕುವ ಮೂರನ್ನು ನಿಯಮವಾಗಿ ಬಿಡುವುದು ಮೇಲು. ಅನ್ನ, ಬಿಸಿ ಹಾಲು, ಎದುರಿಗೆ ಹೆಚ್ಚಿದ ಹಣ್ಣು ಇವುಗಳಲ್ಲಿ ಮರೆಯಾಗುವಂಥದು ಹೆಚ್ಚೇನಿಲ್ಲ. ಅಷ್ಟರಿಂದ ಹೊಟ್ಟೆ ತುಂಬದಿದ್ದರೆ ಅದು ಅವಮೌದರ್ಯವಾಯಿತು. ಗಾಂಧಿಯವರಂತೆ ನಾಟಕವನ್ನು ಹಸಿವಿನಲ್ಲಿ ನೋಡಿದರೂ ನಷ್ಟವಿಲ್ಲ.

ಎಲ್ಲಕ್ಕಿಂತ ಕಠಿನವಾದದ್ದು ಪ್ರೀತಿಯ ಒತ್ತಾಯ. ಮೊಮ್ಮಗನು ಮೊದಲ ಸಂಬಳ ಬಂದ ಸಂತೋಷದಲ್ಲಿ ಮನೆಯವರನ್ನೆಲ್ಲ ರಾತ್ರಿ ಎಂಟು ಗಂಟೆಗೆ ದೊಡ್ಡ ಹೋಟೆಲಿಗೆ ಕರೆದೊಯ್ಯುತ್ತಾನೆಂದು ಇಟ್ಟುಕೊಳ್ಳಬಹುದು. ಅಜ್ಜಿಗೆ ರಾತ್ರಿಭೋಜನ ತ್ಯಾಗ, ಅದೂ ಯಮರೂಪದ್ದು. ಬರುವುದಿಲ್ಲವೆಂದರೆ ಹುಡುಗನ ಮುಖ ಬಾಡುತ್ತದೆ. ಹೋಗಿ ಉಂಡರೆ ನಲವತ್ತು ವರ್ಷಗಳ ವ್ರತ ಒಂದು ರಾತ್ರಿಯಲ್ಲಿ ಮುರಿಯುತ್ತದೆ. ಆಕೆ ಹೋಗುತ್ತಾರೆ, ಉಣ್ಣುವುದಿಲ್ಲ. “ಅಜ್ಜಿ, ನಿಮಗೋಸ್ಕರವೇ ಹೇಳಿ ಮಾಡಿಸಿದ್ದು” ಎಂದು ಹುಡುಗ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾನೆ. “ನೀನು ತಿನ್ನಪ್ಪ, ನೀನು ತಿನ್ನುವುದನ್ನು ನೋಡೋಣ ಅಂತಲೇ ಬಂದದ್ದು” ಎಂದು ಆಕೆ ನಗುತ್ತಾರೆ. ಖಾಲಿ ತಟ್ಟೆಯನ್ನು ಕಂಡು ಗಾಬರಿಯಿಂದ ಬಂದ ಮಾಣಿಯನ್ನು, ಯಾವ ಊರು ಮಗು, ತಾಯಿ ತಂದೆ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ಮೊಮ್ಮಗನಿಗೆ ಆ ರಾತ್ರಿ ಸ್ವಲ್ಪ ಬೇಸರವಾಗಿಯೇ ಇರುತ್ತದೆ. ಆ ಬೇಸರವನ್ನು ಇಲ್ಲವೆನಿಸುವ ಉಪಾಯ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಮುಂದಿನ ಸಲ ಅವನು ಮಧ್ಯಾಹ್ನದ ಹೊತ್ತನ್ನು ಗೊತ್ತುಮಾಡಬಹುದು, ಮಾಡದೆಯೂ ಇರಬಹುದು. ಅಜ್ಜಿ ಎರಡಕ್ಕೂ ಸಿದ್ಧರು. ರಾತ್ರಿಯ ಊಟವೆಂದರೆ ಸಂಜೆ ಐದೂವರೆಗೆ ತಮ್ಮ ಅನ್ನ ಸಾರನ್ನು ಮುಗಿಸಿ, ನೀರು ಕುಡಿದು, ಸೀರೆ ಬದಲಿಸಿಕೊಂಡು ಎಲ್ಲರಿಗಿಂತ ಮೊದಲು ಜಗಲಿಯಲ್ಲಿ ಕುಳಿತಿರುತ್ತಾರೆ.