ಹಾಸಿನ ಎಳೆ

ಮೇಷ್ಟರು ಹುಡುಗರಿಗೆ ಕಲಿಸುತ್ತಾರೆ. ಇದು ಲೋಕ ಬಲ್ಲ ಮಾತು. ಹುಡುಗರಿಂದ ಮೇಷ್ಟರೂ ಕಲಿಯುತ್ತಾರೆಂದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ; ಕಲಿತದ್ದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹದಿನೆಂಟು ವರ್ಷ ಕನ್ನಡ ಪಾಠ ಹೇಳಿದ ನನಗೂ ಈಚಿನವರೆಗೆ ಅದಕ್ಕೆ ಉತ್ತರ ತಿಳಿದಿರಲಿಲ್ಲ.

ನಾನಿರುವ ಊರು ದೊಡ್ಡಬಳ್ಳಾಪುರ. ಇಲ್ಲಿನ ಬೀದಿಗಳಲ್ಲಿ ಹಗಲಿರುಳೆನ್ನದೆ ವಿದ್ಯುತ್ ಮಗ್ಗಗಳ ಸದ್ದು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ದಿನವೂ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. "ಮನೆಯಲ್ಲಿ ಹಾಸಿಗೆ ಇಲ್ಲವೇನಪ್ಪ?" ಎಂದು ಒಂದು ದಿನ ಕೇಳಿದೆ. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ರಾತ್ರಿಯೆಲ್ಲ ಅವನು ಮಗ್ಗದ ಮುಂದೆ ನಿಂತಿರುತ್ತಾನೆಂದು ಆಮೇಲೆ ಅವನ ಗೆಳೆಯನೊಬ್ಬ ಹೇಳಿದ.

ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಕಳೆದುಕೊಳ್ಳುವ ಆತುರದಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಮಾರನೆಯ ದಿನ ಎಲ್ಲರೆದುರು ಅವನ ಕಷ್ಟವನ್ನು ಬಣ್ಣಿಸಿ, "ಇವನನ್ನು ನೋಡಿ ಕಲಿಯಿರಿ" ಎಂದೆ. ಹುಡುಗ ತಲೆ ತಗ್ಗಿಸಿದ. ಮುಂದೆ ಒಂದು ವಾರ ಕಾಲೇಜಿಗೆ ಬರಲಿಲ್ಲ. ನನ್ನ ಗೇಲಿಯನ್ನು ನಕ್ಕು ಸಹಿಸಿದವನಿಗೆ ನನ್ನ ಕರುಣೆಯನ್ನು ಸಹಿಸಲಾಗಲಿಲ್ಲ.

ಅವನು ಮರಳಿ ಬಂದಾಗ ಜೇಡರ ದಾಸಿಮಯ್ಯನ ವಚನಗಳ ಪಾಠ ನಡೆದಿತ್ತು. ದಾಸಿಮಯ್ಯ ನೇಯ್ಗೆಯ ಕಾಯಕದವನು. ಆತನಲ್ಲಿ ಭಕ್ತಿಯೂ ಕಾಯಕವೂ ಹಾಸುಹೊಕ್ಕಾಗಿವೆ ಎಂದೆ. ಪ್ರತಿವರ್ಷವೂ ಹೇಳುವ ಮಾತು. ಏಕೋ ಅಂದು ನಾಲಗೆ ತಡೆಯಿತು. ಪದದ ಅರ್ಥ ಬಲ್ಲೆ; ಮಗ್ಗವನ್ನು ಹತ್ತಿರ ನಿಂತು ಕಂಡವನಲ್ಲ. "ನೇಯುವಾಗ ಹಾಸು ಯಾವುದು, ಹೊಕ್ಕು ಯಾವುದು? ನನಗೆ ತಿಳಿಯದು, ಬಲ್ಲವರು ಹೇಳಿಕೊಡಿ" ಎಂದೆ. ಅವನ ಕಡೆ ನೋಡಲಿಲ್ಲ. ಅವನೇ ಎದ್ದು ನಿಂತ.

"ಹಾಸು ಉದ್ದಕ್ಕೆ ಬಿಗಿದಿರೋ ನೂಲು ಸಾರ್. ಲಾಳಿ ಅಡ್ಡಡ್ಡ ಓಡಾಡಿ ಹೊಕ್ಕು ತುಂಬುತ್ತೆ. ಎಳೆತವೆಲ್ಲ ಹಾಸಿನ ಮೇಲೇನೆ. ಅದರಲ್ಲಿ ಒಂದೆಳೆ ಕಡಿದರೂ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ನೋಡದೆ ನೇಯ್ತಾ ಹೋದರೆ ಸೀರೆ ಉದ್ದಕ್ಕೂ ಗೆರೆ ಬೀಳುತ್ತೆ."

ಹತ್ತು ನಿಮಿಷ ಅವನು ಪಾಠ ಹೇಳಿದ. ನಾನು ಮೊದಲ ಬೆಂಚಿನಲ್ಲಿ ಕುಳಿತು ಕೇಳಿದೆ. ಕಡಿದ ಎಳೆಯನ್ನು ಕಾಣದೆ ನೇಯುತ್ತ ಹೋದವನು ನಾನೇ ಅಲ್ಲವೆ?

ವಿದ್ಯಾರ್ಥಿಯ ವಿಷಯ ತಿಳಿಯುವುದು ಬೇರೆ, ವಿದ್ಯಾರ್ಥಿಯಿಂದ ತಿಳಿಯುವುದು ಬೇರೆ. ಊರು, ಜಾತಿ, ತಂದೆಯ ಆದಾಯ ಎಲ್ಲವೂ ಪ್ರವೇಶದ ಅರ್ಜಿಯಲ್ಲೇ ಸಿಕ್ಕುತ್ತವೆ. ಅವನ್ನು ತಿಳಿಯದಿದ್ದರೆ ಗೇಲಿ ಮಾಡುತ್ತೇವೆ. ಅಷ್ಟನ್ನೇ ತಿಳಿದರೆ, ನಮಗರಿವಿಲ್ಲದೆ ಮೇಲೇರಿ ಕುಳಿತು ಮರುಗುತ್ತೇವೆ. ಅವನು ಬಲ್ಲದ್ದನ್ನು ಮೊದಲು ಕೇಳಿ ಕಲಿತರೆ, ತನ್ನ ಬಾಳಿನಲ್ಲಿ ಎಷ್ಟನ್ನು ಹೇಳಬೇಕೆಂದು ಅವನೇ ನಿಶ್ಚಯಿಸುತ್ತಾನೆ. ಕೆಲವು ದಿನಗಳ ಮೇಲೆ ಆ ಹುಡುಗನೇ ಬಂದು, "ಬೆಳಗಿನ ಪಾಠ ತಪ್ಪುತ್ತೆ ಸಾರ್, ಮಧ್ಯಾಹ್ನ ಅರ್ಧ ಗಂಟೆ ಹೇಳಿಕೊಡ್ತೀರಾ?" ಎಂದು ಕೇಳಿದ. ಈಗ ಹಾಗೆಯೇ ನಡೆದಿದೆ.

ಇದೇ ಊರಿನ ನೇಕಾರ ಮನೆತನದಲ್ಲಿ 1954ರಲ್ಲಿ ಹುಟ್ಟಿದ ಡಿ. ಆರ್. ನಾಗರಾಜ್ ಅವರಿಂದ ಕನ್ನಡದ ಮೇಷ್ಟರುಗಳು ಇಂದಿಗೂ ಅಲ್ಲಮನನ್ನು ಓದುವ ಬಗೆ ಕಲಿಯುತ್ತಿದ್ದೇವೆ. ಅವರೂ ಒಂದು ಕಾಲಕ್ಕೆ ಯಾವುದೋ ಬೆಂಚಿನಲ್ಲಿ ಕುಳಿತ ಹುಡುಗರೇ.

ತೈತ್ತಿರೀಯ ಉಪನಿಷತ್ತು ಗುರುವನ್ನು ಪೂರ್ವರೂಪವೆಂದೂ ಶಿಷ್ಯನನ್ನು ಉತ್ತರರೂಪವೆಂದೂ ವಿದ್ಯೆಯನ್ನು ಅವರಿಬ್ಬರ ಸಂಧಿಯೆಂದೂ ಹೇಳುತ್ತದೆ. ಕನ್ನಡದ ಲೋಪಸಂಧಿಯಲ್ಲಿ ಎರಡು ಪದಗಳು ಕೂಡಬೇಕಾದರೆ ಪೂರ್ವಪದವೇ ತನ್ನ ಕೊನೆಯ ಸ್ವರವನ್ನು ಬಿಟ್ಟುಕೊಡಬೇಕು. ವರ್ಷವರ್ಷವೂ ಆ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದವನು ನಾನೇ. ಬಿಟ್ಟುಕೊಡಬೇಕಾದವರು ಯಾರೆಂಬುದನ್ನು ಕಲಿಸಲು ಮಗ್ಗದ ಮನೆಯ ಹುಡುಗನೇ ಬರಬೇಕಾಯಿತು.