ಊರ ಬಾಯಿ ಮುಚ್ಚಲಾಗದು

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಕೆಲವು ಸೀಮೆಯಲ್ಲಿ ಮಡಕೆಯ ಜಾಗಕ್ಕೆ ಗಡಿಗೆ ಬರುತ್ತದೆ, ಊರಿನ ಜಾಗಕ್ಕೆ ಜನ ಬರುತ್ತಾರೆ. ಹೇಗೆ ಹೇಳಿದರೂ ಈ ಗಾದೆ ಕಿವಿಗೆ ಬೀಳುವುದು ಹೆಚ್ಚಾಗಿ ಸಂಕಟದ ಹೊತ್ತಿನಲ್ಲೇ. ಗೊತ್ತಾದ ಮದುವೆ ಮುರಿದಾಗ, ಅಣ್ಣತಮ್ಮಂದಿರು ಬೇರೆಯಾದಾಗ, ನಡೆಯುತ್ತಿದ್ದ ಅಂಗಡಿಗೆ ಬೀಗ ಬಿದ್ದಾಗ ಹಿರಿಯರು ಪಕ್ಕದಲ್ಲಿ ಕೂತು ಇದನ್ನು ಹೇಳುತ್ತಾರೆ. ಆಡುವವರು ಆಡಿಕೊಳ್ಳಲಿ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅದರ ಇಂಗಿತ. ಹೀಗೆ ಕೇಳಿ ಕೇಳಿ, ಊರ ಬಾಯಿ ಕೆಟ್ಟದ್ದನ್ನೇ ಆಡುತ್ತದೆ ಎಂದು ನಾವು ನಂಬಿಬಿಟ್ಟಿದ್ದೇವೆ. ಗಾದೆ ಹಾಗೆ ಹೇಳುವುದಿಲ್ಲ. ಊರು ಏನು ಆಡುತ್ತದೆ ಎಂಬ ವಿಚಾರವೇ ಅದರಲ್ಲಿಲ್ಲ. ಅದು ಯಾರ ಹಿಡಿತಕ್ಕೂ ಸಿಕ್ಕದು ಎಂದಷ್ಟೇ ಹೇಳಿ ನಿಲ್ಲುತ್ತದೆ. ಹಾಗಾಗಿ ಈ ಮಾತು ಹೊಗಳಿಕೆಗೂ ಸಲ್ಲುತ್ತದೆ. ಯಾರಿಗೂ ಬಗ್ಗದ ಬಾಯಿ ತಾನಾಗಿ ಒಳ್ಳೆಯದೆಂದು ಹೇಳಿದಾಗ ಆ ಮಾತಿಗೊಂದು ತೂಕ. ಬೇಕೆಂದಾಗ ಮುಚ್ಚಿಸಬಹುದಾದ ಬಾಯಿಯ ಹೊಗಳಿಕೆಯನ್ನು ಯಾರು ನಂಬುತ್ತಾರೆ?

ಸಣ್ಣ ವ್ಯಾಪಾರ ಮಾಡುವವರು, ಅದರಲ್ಲೂ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಮನೆಯ ಎರಡು ಮೂರು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ಹೋಮ್‌ಸ್ಟೇ ನಡೆಸುವವರು, ಈ ಗಾದೆಯನ್ನು ಹೀಗೆ ತಿರುಗಿಸಿ ನೋಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ರಿವ್ಯೂ ವಿಷಯ ಬಂದಾಗ ಅವರ ನಡುವೆ ಎರಡು ಬಗೆಯ ಮಾತು ಓಡಾಡುತ್ತದೆ. ಚೆನ್ನಾಗಿ ನೋಡಿಕೊಂಡರೆ ಅವರೇ ಬರೀತಾರೆ, ಬಾಯಿಬಿಟ್ಟು ಕೇಳೋದು ಮರ್ಯಾದೆಯಲ್ಲ ಅನ್ನುವುದು ಒಂದು. ಐದು ಸ್ಟಾರ್ ಹಾಕಿಸಿಕೊಳ್ಳದೆ ಗೆಸ್ಟನ್ನು ಕಳಿಸಲೇಬಾರದು ಅನ್ನುವುದು ಇನ್ನೊಂದು.

ಮೊದಲನೆಯದರಲ್ಲಿ ಒಂದು ಕಾಲಕ್ಕೆ ಹುರುಳಿತ್ತು. 1943ರಲ್ಲಿ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಹೋಟೆಲು ಶುರುವಾದಾಗ, ದೋಸೆ ತಿಂದವರೂ ಮುಂದೆ ತಿನ್ನಬೇಕಾದವರೂ ಹೆಚ್ಚಾಗಿ ಆಸುಪಾಸಿನ ಬೀದಿಗಳವರೇ. ಒಬ್ಬರ ಬಾಯಿಗೂ ಇನ್ನೊಬ್ಬರ ಕಿವಿಗೂ ದೂರವಿರಲಿಲ್ಲ. ಹೋಮ್‌ಸ್ಟೇ ಹಾಗಲ್ಲ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಗಾಡಿ ಹತ್ತುವ ಕುಟುಂಬಕ್ಕೆ ಆ ತೋಟದ ದಾರಿ ಗೊತ್ತಿಲ್ಲ, ಊರಿನಲ್ಲಿ ಕೇಳಲು ಪರಿಚಯದವರಿಲ್ಲ. ಹೆಣ್ಣುಮಕ್ಕಳಷ್ಟೇ ಹೋದರೆ ಸುರಕ್ಷಿತವೇ, ಅಪ್ಪನಿಗೆ ಮಂಡಿನೋವು, ಮೆಟ್ಟಿಲೆಷ್ಟಿವೆ, ರಾತ್ರಿ ಊಟಕ್ಕೆ ಮಕ್ಕಳಿಗೆ ಖಾರವಿಲ್ಲದ್ದು ಸಿಗುತ್ತದೆಯೇ ಎಂದು ಯಾರನ್ನು ವಿಚಾರಿಸಬೇಕು? ಅದೇ ಕೋಣೆಯಲ್ಲಿ ಹೋದ ತಿಂಗಳು ಮಲಗಿ ಎದ್ದವರನ್ನು. ಅವರೇ ಆ ಮನೆಯ ಮಟ್ಟಿಗೆ ಊರು. ಅವರಲ್ಲಿ ಒಬ್ಬರು ಸೊಲ್ಲಾಪುರದಲ್ಲಿ, ಇನ್ನೊಬ್ಬರು ದುಬೈನಲ್ಲಿ ಇದ್ದಾರೆ. ಪರಸ್ಪರ ಗುರುತೂ ಇಲ್ಲ. ಬರೆಯದೆ ಹೋದರೆ ಅವರ ಮೆಚ್ಚುಗೆ ಅವರಲ್ಲೇ ಉಳಿಯುತ್ತದೆ. ಕೆಟ್ಟ ಅನುಭವವಾದವರಿಗೆ ಸಿಟ್ಟೇ ಬರೆಸುತ್ತದೆ. ತೃಪ್ತರಾದವರು ಮನೆ ತಲುಪಿ, ಬಟ್ಟೆ ಒಗೆದು, ಸೋಮವಾರದ ಕೆಲಸಕ್ಕೆ ಹೋಗಿ ಮರೆಯುತ್ತಾರೆ. ಕೇಳದೆ ಸುಮ್ಮನಿರುವ ಮಾಲೀಕರಿಗೆ ಕಾಣುವುದು ಊರ ಪೂರ್ತಿ ಮಾತಲ್ಲ, ಮುನಿದವರ ಮಾತಷ್ಟೇ.

ಇದು ಸಣ್ಣವರಿಗೆ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಅಧ್ಯಯನ ನೆನಪಾಗುತ್ತದೆ. ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿದ್ದ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ರೆಸ್ಟೋರೆಂಟುಗಳ ಆದಾಯವನ್ನು ಯೆಲ್ಪ್ ಎಂಬ ರಿವ್ಯೂ ತಾಣದ ರೇಟಿಂಗ್ ಜೊತೆ ಇಟ್ಟು ನೋಡಿ 2011ರಲ್ಲಿ ಪ್ರಕಟಿಸಿದರು. ಒಂದು ಸ್ಟಾರ್ ಏರಿದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತಿತ್ತು. ಆದರೆ ಆ ಏರಿಕೆ ಸ್ವತಂತ್ರವಾಗಿ ನಡೆಯುವ ಸಣ್ಣ ರೆಸ್ಟೋರೆಂಟುಗಳದ್ದು. ದೊಡ್ಡ ಚೈನ್ ಹೋಟೆಲುಗಳ ಮೇಲೆ ಸ್ಟಾರುಗಳ ಪರಿಣಾಮ ಕಾಣಲಿಲ್ಲ. ಚೈನ್ ಹೋಟೆಲಿನಲ್ಲಿ ಏನು ಸಿಗುತ್ತದೆಂದು ಜನರಿಗೆ ಮೊದಲೇ ಗೊತ್ತು, ಅದರ ಬೋರ್ಡೇ ಅದರ ಸಾಕ್ಷಿ. ತೋಟದ ನಡುವಿನ ಮನೆಗೆ ಅಂಥ ಬೋರ್ಡಿಲ್ಲ. ಅತಿಥಿಯ ನಾಲ್ಕು ಸಾಲು ಬಿಟ್ಟರೆ ಅದರ ಪರವಾಗಿ ಹೇಳುವವರು ಯಾರೂ ಇಲ್ಲ.

ಇಷ್ಟು ಬೆಲೆಯಿದ್ದ ಮೇಲೆ, ಬಾಯಿಗೆ ಮುಚ್ಚಳ ಹಾಕುವ ಆಸೆ ಹುಟ್ಟದೆ ಇರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಒಂದು ಅತಿಥಿಗೃಹ, ಮದುವೆ ಬುಕಿಂಗ್ ಮಾಡಿದವರ ಬಂಧುಬಳಗದಲ್ಲಿ ಯಾರಾದರೂ ಕೆಟ್ಟ ರಿವ್ಯೂ ಬರೆದರೆ ಒಂದೊಂದಕ್ಕೆ 500 ಡಾಲರ್ ದಂಡ ಎಂದು ನಿಯಮ ಮಾಡಿಕೊಂಡಿತ್ತು. 2014ರಲ್ಲಿ ಈ ವಿಷಯ ಪತ್ರಿಕೆಯಲ್ಲಿ ಬಂದದ್ದೇ ತಡ, ಅಲ್ಲಿ ಕಾಲಿಡದವರೂ ಸೇರಿ ಜನ ಯೆಲ್ಪ್‌ನಲ್ಲಿ ಅದರ ಮೇಲೆ ಮುಗಿಬಿದ್ದರು. ಗ್ರಾಹಕರ ಬಾಯಿ ಕಟ್ಟುವ ಇಂಥ ಕರಾರುಗಳಿಗೆ ಬೆಲೆಯಿಲ್ಲ ಎಂದು ಅಮೆರಿಕ 2016ರ ಡಿಸೆಂಬರಿನಲ್ಲಿ ಕಾನೂನನ್ನೇ ತಂದಿತು. ನಮ್ಮ ಅಜ್ಜಿಯರು ಅಡುಗೆಮನೆಯಲ್ಲಿ ಆಡುತ್ತಿದ್ದ ಮಾತು ಅಲ್ಲಿ ಶಾಸನವಾಗಿ ಕೂತಿತು.

ಮುಚ್ಚಲಾಗದ ಬಾಯನ್ನು ತುಂಬಲು ನೋಡುವುದು ಮುಂದಿನ ಹೆಜ್ಜೆ, ಮತ್ತು ನಮ್ಮಲ್ಲಿ ಹೆಚ್ಚಿನ ಅಪಾಯವಿರುವುದು ಇಲ್ಲಿಯೇ. ತಮ್ಮನ ಫೋನಿನಿಂದ ಒಂದು, ಮೈದುನನ ಫೋನಿನಿಂದ ಒಂದು, ಸಾಲದ್ದಕ್ಕೆ ದುಡ್ಡು ತೆಗೆದುಕೊಂಡು ಬರೆದುಕೊಡುವವರಿಂದ ಇಪ್ಪತ್ತು. ಇದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಊಬಾ ಬಟ್ಲರ್ ಎಂಬ ಬರಹಗಾರ 2017ರಲ್ಲಿ ಲಂಡನ್ನಿನಲ್ಲಿ ತೋರಿಸಿದರು. ಹಿಂದೊಮ್ಮೆ ತಲಾ ಹತ್ತು ಪೌಂಡಿಗೆ ಸುಳ್ಳು ರಿವ್ಯೂ ಬರೆದುಕೊಟ್ಟವರು ಅವರು. ತಾವು ವಾಸವಿದ್ದ ಹಿತ್ತಲ ಶೆಡ್ಡನ್ನು ರೆಸ್ಟೋರೆಂಟ್ ಎಂದು ಟ್ರಿಪ್ ಅಡ್ವೈಸರ್ ಎಂಬ ರಿವ್ಯೂ ತಾಣದಲ್ಲಿ ನೋಂದಾಯಿಸಿ, ಗೆಳೆಯರಿಂದ ರಿವ್ಯೂ ಬರೆಸಿದರು. ಒಬ್ಬರಿಗೂ ಊಟ ಬಡಿಸದ ಆ ‘ರೆಸ್ಟೋರೆಂಟ್’ ಕೆಲವೇ ತಿಂಗಳಲ್ಲಿ ಲಂಡನ್ನಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಇದನ್ನು ಓದಿ ನನಗೆ ನಗು ಬರಲಿಲ್ಲ. ಅದೇ ಪಟ್ಟಿಯಲ್ಲಿ ಅದರ ಕೆಳಗೆ ನಿಜವಾಗಿ ಒಲೆ ಹೊತ್ತಿಸಿ, ನಿಜವಾಗಿ ಬಾಡಿಗೆ ಕಟ್ಟುತ್ತಿದ್ದ ಸಾವಿರಾರು ಮಂದಿ ಇದ್ದರು. ಸುಳ್ಳು ರಿವ್ಯೂ ಮೊದಲು ಮೋಸ ಮಾಡುವುದು ಪಕ್ಕದ ತೋಟದ ಪ್ರಾಮಾಣಿಕ ಮನೆಯವರಿಗೆ, ಅನಂತರ ಗ್ರಾಹಕರಿಗೆ.

ನಮ್ಮ ದೇಶದ ನಿಯಮವೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್ ಮಾರಾಟ ತಾಣಗಳಲ್ಲಿ ಸರಕನ್ನೋ ಸೇವೆಯನ್ನೋ ಮಾರುವವರು ತಾವೇ ಗ್ರಾಹಕರೆಂದು ಹೇಳಿಕೊಂಡು ರಿವ್ಯೂ ಬರೆಯುವಂತಿಲ್ಲ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ತಂದಿತು. ರಿವ್ಯೂಗಳನ್ನು ಹೇಗೆ ಸಂಗ್ರಹಿಸಬೇಕು, ಪರಿಶೀಲಿಸಬೇಕು, ಪ್ರಕಟಿಸಬೇಕು ಎಂಬುದು ಅದರಲ್ಲಿದೆ.

ಸುಳ್ಳು ಬರೆಸುವುದು ತಪ್ಪೆಂದು ಯಾರಾದರೂ ಒಪ್ಪುತ್ತಾರೆ. ಒಪ್ಪಿಸಲು ಕಷ್ಟವಾಗುವುದು ಇನ್ನೆರಡು ನಡತೆಗಳ ವಿಷಯದಲ್ಲಿ, ಏಕೆಂದರೆ ಒಳ್ಳೆಯವರೂ ಅವನ್ನು ತಿಳಿಯದೆ ಮಾಡುತ್ತಾರೆ. ಒಂದು, ಐದು ಸ್ಟಾರ್ ಕೊಟ್ಟರೆ ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಕಡಿಮೆ, ಅಥವಾ ಒಂದು ಪೊಟ್ಟಣ ಕಾಫಿಪುಡಿ ಉಚಿತ ಎನ್ನುವುದು. ಕಾಫಿಪುಡಿ ಕೊಡಿ, ಖಂಡಿತ ಕೊಡಿ, ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸದಿರುವುದು ಮಲೆನಾಡಿನ ಒಳ್ಳೆಯ ರೂಢಿ. ಆದರೆ ಅದನ್ನು ಸ್ಟಾರಿಗೆ ಗಂಟು ಹಾಕಿದ ಗಳಿಗೆಯಲ್ಲಿ ಅದು ಉಡುಗೊರೆಯಾಗಿ ಉಳಿಯುವುದಿಲ್ಲ. ಇನ್ನೊಂದು, ಊಟ ಹೇಗಿತ್ತೆಂದು ಮೊದಲು ಕೇಳಿ, ಚೆನ್ನಾಗಿತ್ತು ಎಂದವರಿಗೆ ಮಾತ್ರ ರಿವ್ಯೂ ಲಿಂಕ್ ಕಳಿಸಿ, ಮುಖ ಸಣ್ಣಗೆ ಮಾಡಿದವರನ್ನು ಬಿಟ್ಟುಬಿಡುವುದು. ಇದು ಊರಿನ ಅರ್ಧ ಬಾಯಿಗೆ ಮುಚ್ಚಳ. ರಿವ್ಯೂ ಬರೆಯಿರಿ ಎಂದು ಕೇಳುವುದಕ್ಕೆ ಗೂಗಲ್ ಅಡ್ಡಿ ಮಾಡುವುದಿಲ್ಲ, ಕೇಳಲೆಂದೇ ಲಿಂಕನ್ನೂ ಕ್ಯೂಆರ್ ಕೋಡನ್ನೂ ಕೊಡುತ್ತದೆ. ಆದರೆ ಆಮಿಷ ಒಡ್ಡುವುದನ್ನೂ, ಹೀಗೆ ಆರಿಸಿ ಆರಿಸಿ ಕೇಳುವುದನ್ನೂ ಅದರ ನಿಯಮ ನಿಷೇಧಿಸುತ್ತದೆ.

ಹಾಗಾದರೆ ಹೇಗೆ ಕೇಳುವುದು? ಎಲ್ಲರನ್ನೂ, ಒಂದೇ ಮಾತಿನಲ್ಲಿ, ಮುಲಾಜು ಹುಟ್ಟದ ಹೊತ್ತಿನಲ್ಲಿ. ನಮ್ಮ ಜನರ ಮುಲಾಜು ದೊಡ್ಡದು. ಗೇಟಿನ ಬಳಿ ಗಾಡಿ ಸ್ಟಾರ್ಟ್ ಆಗಿರುವಾಗ, ಎರಡು ದಿನ ಉಣಬಡಿಸಿದ ಮನೆಯೊಡತಿ ಎದುರು ನಿಂತಿರುವಾಗ ಫೋನ್ ಹಿಡಿದು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಐದು ಸ್ಟಾರ್ ಒತ್ತಿ, ಗುಡ್ ಎಂದು ಬರೆದು ಹೊರಡುತ್ತಾರೆ. ಅಂಥ ನೂರು ಗುಡ್‌ಗಳಿಂದ ಮುಂದಿನ ಅತಿಥಿಗೆ ಏನೂ ತಿಳಿಯುವುದಿಲ್ಲ. ಮನೆ, ಕೋಣೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ತಾಣ 2014ರಲ್ಲಿ ತನ್ನ ರಿವ್ಯೂ ಪದ್ಧತಿಯನ್ನು ಬದಲಾಯಿಸಿದ್ದು ಇದೇ ಮುಲಾಜನ್ನು ಮುರಿಯಲು. ಅತಿಥಿಯೂ ಮನೆಯವರೂ ಇಬ್ಬರೂ ಬರೆದು ಮುಗಿಸುವವರೆಗೆ, ಇಲ್ಲವೇ 14 ದಿನ ಕಳೆಯುವವರೆಗೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸ್ವಂತವಾಗಿ ಬುಕಿಂಗ್ ಪಡೆಯುವ ಮನೆಯವರು ಇದರ ತಿರುಳನ್ನು ಸುಲಭವಾಗಿ ಪಾಲಿಸಬಹುದು. ಹೊರಡುವಾಗ ಒಂದು ಮಾತು ಹೇಳಿಡಿ. ಅವರು ಘಾಟಿ ಇಳಿದು ಮನೆ ಸೇರಿದ ಮೇಲೆ, ಸಂಜೆಗೋ ಮರುದಿನಕ್ಕೋ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿ. ಸುಖವಾಗಿ ತಲುಪಿದಿರಾ ಎಂದು ಮೊದಲು ಕೇಳಿ. ಹಿಡಿಸಿದ್ದು, ಹಿಡಿಸದ್ದು ಎರಡನ್ನೂ ಬರೆಯಿರಿ, ಮುಂದೆ ಬರುವವರಿಗೆ ಉಪಕಾರವಾಗುತ್ತದೆ ಎನ್ನಿ. ಒಂದೇ ಸಲ ಕೇಳಿ. ಉತ್ತರ ಬರದಿದ್ದರೆ ಮತ್ತೊಮ್ಮೆ ಕೆದಕಬೇಡಿ.

ಹಿಡಿಸದ್ದನ್ನೂ ಬರೆಯಿರಿ ಎನ್ನಲು ಎದೆಗಾರಿಕೆ ಬೇಕು, ನಿಜ. ಆದರೆ ಹೋಮ್‌ಸ್ಟೇ ವಿಷಯದಲ್ಲಿ ದೂರು ಎಷ್ಟು ಉಪಕಾರ ಮಾಡುತ್ತದೆ ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ಫೋನ್ ನೆಟ್‌ವರ್ಕ್ ಸಿಗುವುದಿಲ್ಲ ಎಂಬ ಎರಡು ಸ್ಟಾರಿನ ರಿವ್ಯೂ ಓದಿ ಒಬ್ಬರು ಬುಕಿಂಗ್ ಕೈಬಿಡುತ್ತಾರೆ, ಅದೇ ಸಾಲನ್ನು ಓದಿ ಇನ್ನೊಬ್ಬರು ಸದ್ಯ ಎಂದು ಬುಕ್ ಮಾಡುತ್ತಾರೆ. ಕೊನೆಯ ಮೂರು ಕಿಲೋಮೀಟರ್ ಮಣ್ಣುದಾರಿ, ಸಣ್ಣ ಕಾರು ಹತ್ತುವುದಿಲ್ಲ. ಜುಲೈನಲ್ಲಿ ಅಂಗಳದಲ್ಲೇ ಇಂಬಳ ಹತ್ತುತ್ತವೆ. ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಸ್ನಾನಕ್ಕೆ ಹಂಡೆಯ ನೀರೇ ಗತಿ. ಮನೆಯವರು ತಮ್ಮ ಜಾಹೀರಾತಿನಲ್ಲಿ ಇವನ್ನೆಲ್ಲ ಬರೆಯುವುದಿಲ್ಲ. ಅತಿಥಿ ಬರೆದರೆ, ಇವನ್ನು ಬಯಸದವರು ಮೊದಲೇ ಬೇರೆ ಕಡೆ ಹೋಗುತ್ತಾರೆ. ಬರುವವರು ಬೂಟು ತೊಟ್ಟು, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಬರುತ್ತಾರೆ, ಕಳಲೆಯ ಪಲ್ಯ ಕೇಳಿ ಬಡಿಸಿಕೊಳ್ಳುತ್ತಾರೆ, ಮತ್ತು ತಾವಾಗಿಯೇ ಒಳ್ಳೆಯದನ್ನು ಬರೆಯುತ್ತಾರೆ. ದೂರುಗಳನ್ನು ಮುಚ್ಚಿಟ್ಟು ಎಲ್ಲರನ್ನೂ ಕರೆದ ಮನೆಗೆ ತಪ್ಪು ಅತಿಥಿಗಳು ಬಂದು ಇನ್ನಷ್ಟು ದೂರು ಬರೆಯುತ್ತಾರೆ. ಇನ್ನೊಂದು ಮಾತಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಕಂಡುಕೊಂಡಂತೆ, ಜನ ಕೊಳ್ಳಲು ಹೆಚ್ಚು ಮನಸ್ಸು ಮಾಡುವುದು ರೇಟಿಂಗ್ 4.0ರಿಂದ 4.7ರ ನಡುವೆ ಇದ್ದಾಗ. ಪೂರ್ತಿ ಐದರ ಹತ್ತಿರ ಹೋದಂತೆ ಅವರ ನಂಬಿಕೆ ಇಳಿಯುತ್ತದೆ. ಊರೆಂದ ಮೇಲೆ ಎಲ್ಲರೂ ಒಂದೇ ಮಾತು ಆಡುವುದಿಲ್ಲ ಎಂಬುದು ಓದುವವರಿಗೆ ಗೊತ್ತು.

ಇನ್ನು ರಿವ್ಯೂಗಳಿಗೆ ಮನೆಯವರು ಕೊಡುವ ಉತ್ತರ. ಕೆಟ್ಟ ರಿವ್ಯೂ ಓದಿದ ರಾತ್ರಿ ಬರೆಯಬೇಡಿ. ಬೆಳಿಗ್ಗೆ ಬರೆಯಿರಿ, ಮತ್ತು ಬರೆದವರಿಗಿಂತ ಮುಂದೆ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ಕಂಬಳಿ ಮುಗ್ಗುಲು ವಾಸನೆ ಬರುತ್ತಿತ್ತು ಎಂದಿದ್ದರೆ, ಮಳೆಗಾಲದಲ್ಲಿ ಒಣಗಿಸುವುದು ಕಷ್ಟವಾಯಿತು, ಈಗ ಒಲೆಯ ಮನೆಯ ಅಟ್ಟದಲ್ಲಿ ಕಾಯಿಸಿ ಕೊಡುತ್ತಿದ್ದೇವೆ ಎಂಬ ಎರಡು ಸಾಲು ಸಾಕು. ಮಾಡಿದ್ದರೆ ಮಾತ್ರ ಹಾಗೆ ಬರೆಯಿರಿ. ಅವರು ರಾತ್ರಿ ಗಲಾಟೆ ಮಾಡಿದರು, ಎಷ್ಟು ಕುಡಿದಿದ್ದರು ಎಂದು ಅತಿಥಿಯ ಗುಟ್ಟನ್ನು ಅಲ್ಲಿ ಹರಡುವುದು ಸಲ್ಲದು. ಹಾಗೆ ಹರಡಿದ ಮನೆಯಲ್ಲಿ ನಾಳೆ ತಂಗಲು ಯಾರಿಗೆ ಧೈರ್ಯ ಬರುತ್ತದೆ? ಹೊಗಳಿದವರಿಗೂ ಉತ್ತರ ಬೇಕು. ಹೆಚ್ಚಿನವರು ಇದನ್ನು ಮರೆಯುತ್ತಾರೆ.

ಅತಿಥಿಗಳಾಗಿ ಹೋಗುವ ನಮಗೂ ಇಲ್ಲಿ ಪಾಲಿದೆ. ಕನ್ನಡಿಗರು ಬಾಯಿತುಂಬ ಹೊಗಳುತ್ತೇವೆ, ಅಡುಗೆ ಚೆನ್ನಾಗಿತ್ತಮ್ಮ ಎಂದು ಕೈ ಒರೆಸಿಕೊಳ್ಳುತ್ತಾ ಹೇಳುತ್ತೇವೆ, ಬರೆಯುವುದಿಲ್ಲ. ಬರೆದರೂ ಇಂಗ್ಲಿಷಿನಲ್ಲೇ ಬರೆಯಬೇಕೆಂದುಕೊಳ್ಳುತ್ತೇವೆ. ಕನ್ನಡದಲ್ಲಿ ಬರೆಯಬಹುದು, ಗೂಗಲ್ ಮ್ಯಾಪ್ ಅದನ್ನು ಬೇರೆ ಭಾಷೆಯವರಿಗೆ ಅನುವಾದಿಸಿ ತೋರಿಸುತ್ತದೆ. ಯಾವ ತಿಂಗಳು ಹೋಗಿದ್ದಿರಿ, ಯಾವ ಗಾಡಿ, ಜೊತೆಗೆ ವಯಸ್ಸಾದವರು ಇದ್ದರೇ, ಏನು ಉಂಡಿರಿ, ಏನು ಸರಿಯಿರಲಿಲ್ಲ, ಇಷ್ಟಿದ್ದರೆ ಮುಂದಿನವರಿಗೆ ದಾರಿ ಕಾಣುತ್ತದೆ. ಕನ್ನಡದಲ್ಲಿ ಬರೆದರೆ ಇನ್ನೊಂದು ಲಾಭವುಂಟು. ಮಗನೋ ಸೊಸೆಯೋ ಬಿಡುವಾದಾಗ ಇಂಗ್ಲಿಷ್ ರಿವ್ಯೂ ಓದಿ ಹೇಳಲೆಂದು ಕಾಯಬೇಕಿಲ್ಲದೆ, ಪತ್ರೊಡೆಗೆ ಹುಳಿ ಸ್ವಲ್ಪ ಕಡಿಮೆಯಾಗಿತ್ತು ಎಂಬ ಸಾಲನ್ನು ಅದನ್ನು ಮಾಡಿದಾಕೆ ತಾನೇ ಓದಿಕೊಂಡು, ಮುಂದಿನ ಶನಿವಾರದ ಅತಿಥಿಗಳಿಗೆ ಒಂದಿಷ್ಟು ಹೆಚ್ಚು ಹುಣಸೆ ನೆನೆಹಾಕಬಹುದು.